ಬಿಸಿಯಾಗುವ ಗಾಲಿ : ಕಾರ್ಯಕಾರಣ ವಿಚಾರದ ಒಂದು ಪಾಠ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬರಿಂದ)

ಪೀಠಿಕೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಗಾಡಿಯ ಗಾಲಿಗೇನು ಕೆಲಸವೆಂದು ಕೆಲವರು ಕೇಳಬಹುದು. ಇತಿಹಾಸ, ಅರ್ಥಶಾಸ್ತ್ರ, ತರ್ಕಶಾಸ್ತ್ರಗಳನ್ನು ಓದುವ ನಮಗೆ ಬೇರಿಂಗು ಬ್ರೇಕುಗಳ ಗೊಡವೆ ಏತಕ್ಕೆ? ಆದರೆ ಹೊಸಪೇಟೆಯಲ್ಲಿ ವಾಸಮಾಡುವವನು ಗಾಲಿಯಿಂದ ದೂರವಿರಲಾರನು. ೫೦ ಮತ್ತು ೬೭ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಗಳು ನಮ್ಮ ಊರಿನಲ್ಲಿಯೇ ಸಂಧಿಸುತ್ತವೆ. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು, ಕಂಪ್ಲಿಯ ಗದ್ದೆಗಳಿಂದ ಭತ್ತ ಕಬ್ಬುಗಳ ಟ್ರಾಕ್ಟರುಗಳು, ಹಂಪೆಯನ್ನು ನೋಡಲು ದೂರದೂರದಿಂದ ಬರುವ ಯಾತ್ರಿಕರ ಕಾರುಗಳು, ಇವುಗಳ ಓಡಾಟ ಹಗಲಿರುಳೂ ನಿಲ್ಲುವುದಿಲ್ಲ. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಮಂದಿಯ ಮನೆಯ ಅನ್ನವು ಗಾಲಿಯ ಮೇಲೆಯೇ ಉರುಳಿ ಬರುತ್ತದೆ.

ಹೀಗಿರಲು, ಗಾಲಿಯೊಂದು ಸದ್ದು ಮಾಡತೊಡಗಿದರೆ, ಮುಟ್ಟಲಾರದಷ್ಟು ಬಿಸಿಯಾದರೆ, ಕಾಲು ತೆಗೆದರೂ ಬ್ರೇಕು ಬಿಡದೆ ಹಿಡಿದುಕೊಂಡರೆ, ಅದರ ಕಾರಣವನ್ನು ಕಂಡುಹಿಡಿಯುವ ಬಗೆ ಹೇಗೆ? ಇದೇ ಈ ಲೇಖನದ ವಿಷಯ. ಇದನ್ನು ಬಿಡಿಸಲು ಬೇಕಾದ ಮುಖ್ಯ ಉಪಕರಣ ಸ್ಪ್ಯಾನರ್ ಅಲ್ಲ, ತರ್ಕ. ಸದ್ದು ಮಾಡುವ ಭಾಗವೇ ತಪ್ಪು ಮಾಡಿದ ಭಾಗವೆಂದು ತಿಳಿಯಬಾರದು ಎಂಬುದೇ ಇಲ್ಲಿ ನಾನು ಹೇಳಬೇಕೆಂದಿರುವ ಮಾತು.

ಘರ್ಷಣೆಯ ಲೆಕ್ಕ

ಎತ್ತಿನ ಗಾಡಿಯ ಕಾಲದಿಂದಲೂ ನಮ್ಮ ರೈತನು ಈ ರೋಗವನ್ನು ಬಲ್ಲನು. ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟುತ್ತದೆ, ಬಿಸಿಯಾಗುತ್ತದೆ, ಎತ್ತು ಬೇಗನೆ ದಣಿಯುತ್ತದೆ. ಆದುದರಿಂದಲೇ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟವು ಸದಾ ತೂಗಾಡುತ್ತಿತ್ತು. ಕಿರುಗುಟ್ಟುವುದು, ಬಿಸಿಯಾಗುವುದು, ಎಳೆತ ಹೆಚ್ಚುವುದು ಈ ಮೂರೂ ಒಂದೇ ಘರ್ಷಣೆಯ ಮೂರು ಮುಖಗಳು.

ಘರ್ಷಣೆಯಿಂದ ಶಾಖವು ಮುಗಿಯದೆ ಹುಟ್ಟುತ್ತಲೇ ಇರುತ್ತದೆಂಬುದನ್ನು ಕೌಂಟ್ ರಮ್‌ಫರ್ಡ್ ಎಂಬಾತನು ೧೭೯೮ರಲ್ಲಿ ವಿದ್ವಾಂಸರ ಮುಂದಿಟ್ಟನು. ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಫಿರಂಗಿಯ ಲೋಹವನ್ನು ನೀರಿನೊಳಗಿಟ್ಟು, ಮೊಂಡಾದ ಉಳಿಯೊಂದು ಅದನ್ನು ಉಜ್ಜುವಂತೆ ಕುದುರೆಗಳಿಂದ ತಿರುಗಿಸಿದಾಗ, ಸುಮಾರು ಎರಡೂವರೆ ಗಂಟೆಗಳಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ಹಿಡಿದುಕೊಂಡ ಬ್ರೇಕಿನಲ್ಲಿ ನಡೆಯುವುದೂ ಇದೇ ಪ್ರಯೋಗ. ಕುದುರೆಯ ಬದಲು ನಮ್ಮ ಪೆಟ್ರೋಲು ದುಡಿಯುತ್ತದೆ, ಅಷ್ಟೇ ಭೇದ.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ೧೦೦೦ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು ೧,೩೯,೦೦೦ ಜೂಲ್. ಒಮ್ಮೆ ಬ್ರೇಕು ಹಾಕಿ ನಿಲ್ಲಿಸಿದರೆ ಇದರಲ್ಲಿ ಬಹುಪಾಲು ಶಾಖವಾಗಿ ಬ್ರೇಕಿನ ಲೋಹವನ್ನು ಸೇರುತ್ತದೆ. ಒಂದು ಲೀಟರು ನೀರಿನ ಉಷ್ಣತೆಯನ್ನು ೩೩ ಡಿಗ್ರಿ ಏರಿಸಲು ಇಷ್ಟು ಸಾಕು. ಆದರೆ ಇದು ಒಂದು ಕ್ಷಣದ ಮಾತು. ಬಳಿಕ ಗಾಳಿ ಬೀಸಿ ಲೋಹ ತಣ್ಣಗಾಗುತ್ತದೆ.

ಬ್ರೇಕು ಬಿಡದೆ ಹಿಡಿದಿದ್ದರೆ ಲೆಕ್ಕವೇ ಬೇರೆ. ಒಂದು ಗಾಲಿಯಲ್ಲಿ ಕೇವಲ ೨೦ ಕಿಲೋಗ್ರಾಂ ತೂಕದಷ್ಟು ಎಳೆತವು ಉಳಿದುಕೊಂಡಿದೆಯೆಂದು ಇಟ್ಟುಕೊಳ್ಳಿ. ಚಾಲಕನಿಗೆ ಅದರ ಅರಿವೂ ಆಗದಿರಬಹುದು. ಆದರೆ ೬೦ ಕಿಲೋಮೀಟರು ವೇಗದಲ್ಲಿ ಅದು ಮೂರು ಕಿಲೋವಾಟಿಗೂ ಮೀರಿದ ಶಾಖವನ್ನು ಎಡೆಬಿಡದೆ ಹುಟ್ಟಿಸುತ್ತದೆ. ಸಾವಿರ ವಾಟಿನ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಗಾಲಿಯೊಳಗೆ ಹಚ್ಚಿಟ್ಟಂತೆ! ಗಾಲಿ ಕಾಯುವುದರಲ್ಲಿ ಆಶ್ಚರ್ಯವೇನು?

ಗಾಲಿಯ ಒಳಗಿನ ವ್ಯವಸ್ಥೆ

ಗಾಲಿಯು ಸುಲಭವಾಗಿ ತಿರುಗಲೆಂದು ಅದರ ನಡುವೆ ಬೇರಿಂಗು ಇದೆ. ಎರಡು ಉಕ್ಕಿನ ಬಳೆಗಳ ನಡುವೆ ಗುಂಡುಗಳೋ ಉರುಳೆಗಳೋ ಗ್ರೀಸಿನಲ್ಲಿ ಉರುಳುತ್ತಿರುತ್ತವೆ. ಗಾಲಿಯು ನಿಲ್ಲಲೆಂದು ಬ್ರೇಕು ಇದೆ. ಒಂದೇ ಅಂಗೈಯಗಲದ ಜಾಗದಲ್ಲಿ ಒಂದು ಘರ್ಷಣೆಯನ್ನು ತಪ್ಪಿಸುತ್ತದೆ, ಇನ್ನೊಂದು ಘರ್ಷಣೆಯನ್ನು ತರಿಸುತ್ತದೆ. ಇವೆರಡರ ನೆರೆಹೊರೆಯೇ ನಮ್ಮ ಸಮಸ್ಯೆಯ ಮೂಲ.

ಹಂಪೆಯ ವಿರೂಪಾಕ್ಷನ ತೇರನ್ನು ಎಳೆಯುವಾಗ ಗಾಲಿಯಡಿಗೆ ಮರದ ತುಂಡುಗಳನ್ನು ಕೊಟ್ಟು ವೇಗವನ್ನು ತಡೆಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಕಾರಿನಲ್ಲಿ ಆ ಕೆಲಸವನ್ನು ದ್ರವದ ಒತ್ತಡವು ಮಾಡುತ್ತದೆ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಉಕ್ಕಿನ ಕೊಳವೆ, ರಬ್ಬರಿನ ಹೋಸ್ ಪೈಪುಗಳ ಮೂಲಕ ಗಾಲಿಗಳಿಗೆ ತಲಪುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ಹೈಸ್ಕೂಲಿನಲ್ಲಿಯೇ ಓದಿದ್ದೇವಷ್ಟೆ. ಗಾಲಿಯಲ್ಲಿ ಪಿಸ್ಟನ್ನು ಮುಂದೆ ಸರಿದು ಪ್ಯಾಡುಗಳನ್ನು ಡಿಸ್ಕಿನ ಮೇಲೆ, ಅಥವಾ ಲೈನರ್ ಹಚ್ಚಿದ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ.

ಒತ್ತುವುದು ಹೀಗಾಯಿತು. ಬಿಡಿಸುವುದು ಯಾರು? ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗುಗಳಿವೆ. ಡಿಸ್ಕ್ ಬ್ರೇಕಿನಲ್ಲಿಯಾದರೋ ಅಂತಹ ಬಲವಾದ ಸ್ಪ್ರಿಂಗು ಇಲ್ಲ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬಳೆಯು ಒತ್ತುವಾಗ ಕೊಂಚ ಬಾಗಿ, ಒತ್ತಡ ಹೋದೊಡನೆ ಮತ್ತೆ ನೆಟ್ಟಗಾಗುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಆ ಕೂದಲೆಳೆಯೇ ಗಾಲಿಯ ಸ್ವಾತಂತ್ರ್ಯ. ಅಲ್ಲಿ ತುಕ್ಕು ಹಿಡಿದರೆ, ಕೆಸರು ಸೇರಿದರೆ, ಒತ್ತಡವು ಪೂರ್ತಿಯಾಗಿ ಇಳಿಯದಿದ್ದರೆ ಬ್ರೇಕು ಹಿಡಿದುಕೊಳ್ಳುತ್ತದೆ.

ಸದ್ದು ಹೇಳುವ ಸಾಕ್ಷ್ಯ

ಜಾನ್ ಸ್ಟೂಅರ್ಟ್ ಮಿಲ್ ತನ್ನ ತರ್ಕಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದುದು ೧೮೪೩ರಲ್ಲಿ. ಒಂದು ವಿಷಯವು ಬದಲಾದಂತೆಲ್ಲ ಇನ್ನೊಂದೂ ಬದಲಾದರೆ ಅವೆರಡಕ್ಕೂ ಸಂಬಂಧವಿದೆಯೆಂದು ಊಹಿಸಬಹುದು, ಇದು ಅವನು ಹೇಳಿದ ಸಹಪರಿವರ್ತನ ವಿಧಾನ. ಸದ್ದನ್ನು ವಿಚಾರಿಸುವಾಗ ಇದೇ ನಮಗೆ ದಾರಿದೀಪ. ಸದ್ದು ಯಾವುದರೊಡನೆ ಹೆಚ್ಚುಕಡಿಮೆಯಾಗುತ್ತದೆ ಎಂದು ಒಂದೊಂದಾಗಿ ಕೇಳಬೇಕು.

ಮೊದಲನೆಯದು ವೇಗ. ಅದೇ ವೇಗದಲ್ಲಿಯೇ ಗೇರನ್ನು ಬದಲಾಯಿಸಿ ನೋಡಿದಾಗ ಸದ್ದು ಬದಲಾದರೆ ಅದು ಎಂಜಿನ್ನಿನ ಕಡೆಯದು. ಬದಲಾಗದೆ ಗಾಡಿಯ ವೇಗವನ್ನೇ ಅನುಸರಿಸಿದರೆ ಗಾಲಿಯ ಕಡೆಯದು.

ಎರಡನೆಯದು ರಸ್ತೆ. ನುಣುಪಾದ ಡಾಂಬರು ಬಂದೊಡನೆ ಸದ್ದು ಇಳಿದು, ಒರಟು ರಸ್ತೆಯಲ್ಲಿ ಏರಿದರೆ, ಟೈರು ಅಲ್ಲಲ್ಲಿ ಸವೆದಿರಬಹುದು. ಬೇರಿಂಗಿಗೆ ಮಾತ್ರ ಎಲ್ಲ ರಸ್ತೆಯೂ ಹೆಚ್ಚುಕಡಿಮೆ ಒಂದೇ.

ಮೂರನೆಯದು ತಿರುವು. ಗಾಡಿಯು ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಎಂಬ ನಾದವು ಹೆಚ್ಚಿದರೆ ಬಲಗಡೆಯ ಬೇರಿಂಗನ್ನೂ, ಬಲಕ್ಕೆ ತಿರುಗುವಾಗ ಹೆಚ್ಚಿದರೆ ಎಡಗಡೆಯದನ್ನೂ ಸಾಮಾನ್ಯವಾಗಿ ಅನುಮಾನಿಸಬೇಕು. ಪೂರ್ತಿ ತಿರುಗಿಸಿದಾಗ ಮಾತ್ರ ಟಕಟಕ ಎಂದರೆ ಅದು ಮುಂದಿನ ಗಾಲಿಗೆ ಎಂಜಿನ್ನಿನ ಬಲವನ್ನು ಒಯ್ಯುವ ಅಚ್ಚಿನ ಕೀಲು.

ನಾಲ್ಕನೆಯದು ಪೆಡಲು. ಬ್ರೇಕನ್ನು ಮೆಲ್ಲನೆ ಮುಟ್ಟಿದೊಡನೆ ಕೀರಲು ಸದ್ದು ನಿಂತರೆ ಅಥವಾ ಬದಲಾದರೆ ಅದು ಪ್ಯಾಡಿನದು. ಸುತ್ತಿಗೊಮ್ಮೆ ಸರ್ ಸರ್ ಎಂದು ಕೆರೆಯುವುದೂ ಹೆಚ್ಚಾಗಿ ಬ್ರೇಕಿನದೇ. ಬೇರಿಂಗಿನ ಸದ್ದು ದೂರದ ಹಿಟ್ಟಿನ ಗಿರಣಿಯಂತೆ ಎಡೆಬಿಡದ ಗುಂಯ್‌ಕಾರ.

ಬಿಸಿ ಹೇಳುವ ಸಾಕ್ಷ್ಯ

ಸದ್ದಿಗಿಂತ ಬಿಸಿಯು ಹೆಚ್ಚು ನಂಬತಕ್ಕ ಸಾಕ್ಷಿ. ಆದರೆ ವಿಚಾರಣೆಯ ಕ್ರಮ ಸರಿಯಾಗಿರಬೇಕು. ಬ್ರೇಕನ್ನು ಸಾಧ್ಯವಾದಷ್ಟೂ ಕಡಮೆ ಬಳಸಿ ಎಂಟು ಹತ್ತು ಕಿಲೋಮೀಟರು ಓಡಿಸಿ, ತಾನಾಗಿ ವೇಗವಿಳಿಯುವಂತೆ ಮಾಡಿ ನಿಲ್ಲಿಸಬೇಕು. ಬಳಿಕ ನಾಲ್ಕು ಗಾಲಿಗಳ ಬಳಿಯೂ ಅಂಗೈಯನ್ನು ಮುಟ್ಟಿಸದೆ ಹಿಡಿದು ನೋಡಬೇಕು. ದೂರದಿಂದಲೇ ಉಷ್ಣತೆಯನ್ನು ಅಳೆಯುವ ಯಂತ್ರ ದೊರೆತರೆ ಇನ್ನೂ ಒಳ್ಳೆಯದು. ಮುಂದಿನ ಗಾಲಿಯನ್ನು ಹಿಂದಿನದಕ್ಕೆ ಹೋಲಿಸಬಾರದು. ಮುಂದಿನ ಬ್ರೇಕುಗಳಿಗೆ ಕೆಲಸ ಹೆಚ್ಚು. ಎಡಕ್ಕೆ ಬಲವನ್ನು ಹೋಲಿಸಬೇಕು.

ಒಂದೇ ಗಾಲಿ ಬಿಸಿಯಾಗಿದ್ದರೆ ದೋಷವು ಆ ಗಾಲಿಯಲ್ಲಿ ಅಥವಾ ಅದಕ್ಕೆ ಮಾತ್ರ ಹೋಗುವ ಹೋಸ್ ಪೈಪಿನಲ್ಲಿದೆ. ಹಿಂದಿನ ಎರಡೂ ಬಿಸಿಯಾಗಿದ್ದರೆ ಹ್ಯಾಂಡ್ ಬ್ರೇಕಿನ ತಂತಿಯನ್ನು ಮೊದಲು ನೋಡಬೇಕು. ಒಂದು ಮುಂದಿನದು ಮತ್ತು ಅದಕ್ಕೆ ಮೂಲೆಯಾಗಿ ಇನ್ನೊಂದು ಹಿಂದಿನದು ಬಿಸಿಯಾಗಿದ್ದರೆ, ಅನೇಕ ಕಾರುಗಳಲ್ಲಿ ಅವೆರಡಕ್ಕೂ ಒಂದೇ ಕೊಳವೆಯ ಮಾರ್ಗವಿರುವುದನ್ನು ನೆನೆಯಬೇಕು. ನಾಲ್ಕೂ ಬಿಸಿಯಾಗಿದ್ದರೆ ನಾಲ್ಕು ಗಾಲಿಗಳನ್ನು ಬಿಚ್ಚುವುದು ವ್ಯರ್ಥ. ನಾಲ್ಕಕ್ಕೂ ಸಮಾನವಾದುದು ಮಾಸ್ಟರ್ ಸಿಲಿಂಡರು ಮತ್ತು ಪೆಡಲು. ಕಾರ್ಯಗಳಿಗೆಲ್ಲ ಸಮಾನವಾಗಿರುವ ಸಂಗತಿಯಲ್ಲಿ ಕಾರಣವನ್ನು ಹುಡುಕಬೇಕೆಂಬ ಅನ್ವಯ ವಿಧಾನವು ಇದಲ್ಲದೆ ಬೇರೆಯಲ್ಲ.

ಇಲ್ಲೊಂದು ತೊಡಕಿದೆ. ಬೆಳಿಗ್ಗೆ ಸರಿಯಾಗಿದ್ದ ಗಾಡಿಯು ಹತ್ತಿಪ್ಪತ್ತು ಕಿಲೋಮೀಟರು ಹೋದ ಮೇಲೆ ಬಿಗಿಯುತ್ತದೆ. ಗ್ಯಾರೇಜಿಗೆ ತಂದು ನಿಲ್ಲಿಸಿ, ಮೇಸ್ತ್ರಿಯ ಸರದಿ ಬರುವಷ್ಟರಲ್ಲಿ ತಣಿದು ಮತ್ತೆ ಸಡಿಲಾಗುತ್ತದೆ. ವೈದ್ಯರ ಬಾಗಿಲಲ್ಲಿ ಹಲ್ಲುನೋವು ಮಾಯವಾದಂತೆ! ಇದಕ್ಕೂ ಕಾರಣವಿದೆ. ಪೆಡಲಿನಿಂದ ಕಾಲು ತೆಗೆದಾಗ ಕಾದ ದ್ರವವು ಹಿಗ್ಗಿ ಹಿಂದಕ್ಕೆ ಹರಿಯಲೆಂದು ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿಕೊಂಡಿದ್ದರೆ ಹಿಗ್ಗಿದ ದ್ರವಕ್ಕೆ ದಾರಿಯಿಲ್ಲದೆ ಒತ್ತಡವೇರಿ ಬ್ರೇಕು ಹಿಡಿಯುತ್ತದೆ. ಹಿಡಿದುದರಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಹಿಡಿತ. ಆದುದರಿಂದ ಇಂತಹ ಗಾಡಿಯನ್ನು ಬಿಸಿಯಿರುವಾಗಲೇ ಪರೀಕ್ಷಿಸತಕ್ಕದ್ದು.

ತೀರ್ಪು ಕೊಡುವ ತಿರುಪು

ಇನ್ನು ಗಾಲಿಯನ್ನೆತ್ತುವ ಹೊತ್ತು. ಸಮನಾದ ನೆಲದಲ್ಲಿ, ಉಳಿದ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿಯಿಂದ ಎತ್ತಿ, ಗಟ್ಟಿಯಾದ ಆಸರೆಯ ಮೇಲೆ ಕೂರಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದು ಪ್ರಾಣಕ್ಕೆ ಎರವಾಗುತ್ತದೆ.

ಮೊದಲು ಬೇರಿಂಗು. ಗಾಲಿಯ ಮೇಲು ಕೆಳಗುಗಳನ್ನು ಹಿಡಿದು ಅಲುಗಿಸಬೇಕು. ಅಲುಗಾಟ ಕಂಡರೆ ಇನ್ನೊಬ್ಬರಿಂದ ಬ್ರೇಕು ಒತ್ತಿಸಿ ಮತ್ತೆ ಅಲುಗಿಸಬೇಕು. ಆಗ ಅಲುಗಾಟ ನಿಂತುಹೋದರೆ ಅದು ಬೇರಿಂಗಿನದು. ನಿಲ್ಲದಿದ್ದರೆ ಹಿಂದಿನ ಬಾಲ್ ಜಾಯಿಂಟು ಮೊದಲಾದ ಕೀಲುಗಳದು. ಗಾಲಿಯನ್ನು ಕೈಯಿಂದ ತಿರುಗಿಸುತ್ತ ಪಕ್ಕದ ಸ್ಪ್ರಿಂಗಿನ ಮೇಲೆ ಬೆರಳಿಟ್ಟರೆ, ಕೆಟ್ಟ ಬೇರಿಂಗಿನ ಗರಗರವು ಬೆರಳಿಗೆ ತಿಳಿಯುತ್ತದೆ.

ಆಮೇಲೆ ಬ್ರೇಕು. ಗಾಲಿಯು ಬಿಗಿಯಾಗಿ ತಿರುಗುತ್ತಿರುವಾಗಲೇ ಅದರ ಗಾಳಿ ತೆಗೆಯುವ ತಿರುಪನ್ನು ಸ್ವಲ್ಪ ಸಡಿಲಿಸಬೇಕು. ಬ್ರೇಕ್ ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡರೆ, ಒತ್ತಡವು ಮೇಲೆಲ್ಲೋ ಸಿಕ್ಕಿಕೊಂಡಿದೆ. ಗಾಲಿ ಬಿಡದೆ ಹೋದರೆ ದೋಷವು ಗಾಲಿಯಲ್ಲಿಯೇ ಇದೆ : ತುಕ್ಕು ಹಿಡಿದ ಪಿಸ್ಟನ್ನು, ಕ್ಯಾಲಿಪರ್ ಜಾರುವ ಪಿನ್ನುಗಳ ಬಿಗಿತ, ಹಿಂದಿನ ಗಾಲಿಯಾದರೆ ಹ್ಯಾಂಡ್ ಬ್ರೇಕು. ಒಂದೇ ತಿರುಪಿನಿಂದ ಆಪಾದಿತರ ಪಟ್ಟಿ ಅರ್ಧವಾಯಿತು!

ಒತ್ತಡವು ಮೇಲೆ ಸಿಕ್ಕಿಕೊಂಡಿದ್ದರೆ ತಿರುಪನ್ನು ಮುಚ್ಚಿ, ಪೆಡಲೊತ್ತಿ, ಮತ್ತೆ ಹಿಡಿಯುವಂತೆ ಮಾಡಬೇಕು. ಈ ಸಾರಿ ಉಕ್ಕಿನ ಕೊಳವೆಯು ಹೋಸ್ ಪೈಪಿಗೆ ಸೇರುವ ಕೀಲನ್ನು ಸಡಿಲಿಸಬೇಕು. ಗಾಲಿ ಬಿಟ್ಟರೆ ಹೋಸ್ ನಿರಪರಾಧಿ, ದೋಷ ಅದಕ್ಕೂ ಮೇಲಿದೆ. ಬಿಡದಿದ್ದರೆ ಹೋಸೇ ಅಪರಾಧಿ. ಹಳೆಯ ಹೋಸು ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಊದಿಕೊಂಡು, ದ್ರವವನ್ನು ಹೋಗಗೊಟ್ಟು ಬರಗೊಡದೆ ತಡೆಯುತ್ತದೆ. ಕೊನೆಯದಾಗಿ ಮಾಸ್ಟರ್ ಸಿಲಿಂಡರನ್ನು ಬಿಗಿದ ಬೋಲ್ಟುಗಳನ್ನು ತುಸು ಸಡಿಲಿಸಿ ಅದನ್ನು ಮುಂದೆ ಸರಿಸಿದಾಗ ಗಾಲಿಗಳು ಬಿಟ್ಟುಕೊಂಡರೆ, ಪೆಡಲಿನಿಂದ ಬರುವ ಸರಳಿಗೆ ಬೇಕಾದ ಸಡಿಲವಿಲ್ಲವೆಂದು ತಿಳಿಯಬೇಕು.

ಒಂದು ಹೆಜ್ಜೆಗೆ ಒಂದೇ ಸಂಗತಿಯನ್ನು ಬದಲಾಯಿಸಿ ಫಲವನ್ನು ನೋಡುವ ಈ ಕ್ರಮಕ್ಕೆ ತರ್ಕಶಾಸ್ತ್ರದಲ್ಲಿ ವ್ಯತಿರೇಕ ವಿಧಾನವೆಂದು ಹೆಸರು. ಪ್ಯಾಡು, ಹೋಸು, ಬೇರಿಂಗು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಗುಣವಾಗಬಹುದು, ಆದರೆ ಕಾರಣ ತಿಳಿಯುವುದಿಲ್ಲ. ಮೂರರ ಹಣವೂ ತೆರಬೇಕಾಗುತ್ತದೆ. ಈ ಕೀಲುಗಳನ್ನು ಬಿಚ್ಚಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ತೆಗೆಯಲೇಬೇಕು. ಇಂದಿನ ಕಾರುಗಳಲ್ಲಿ ನಡುವೆ ಎ. ಬಿ. ಎಸ್. ಎಂಬ ಕವಾಟಗಳ ಪೆಟ್ಟಿಗೆಯೂ ಇರುವುದರಿಂದ ನುರಿತವರ ಜೊತೆಯಿಲ್ಲದೆ ಇದಕ್ಕೆ ಕೈಹಾಕಲಾಗದು.

ಕಾರ್ಯವನ್ನೇ ಕಾರಣವೆಂದು ತಿಳಿಯುವ ಭ್ರಮೆ

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಸಂಡೂರು ಹೊಸಪೇಟೆಗಳ ನಡುವೆ ಓಡುವ ಬಾಡಿಗೆ ಕಾರೊಂದರ ಮುಂದಿನ ಎಡಗಾಲಿಯು ಗುಂಯ್‌ಗುಟ್ಟುತ್ತದೆ, ಬಿಸಿಯೂ ಆಗುತ್ತದೆ. ಬೇರಿಂಗು ಕೆಟ್ಟಿದೆಯೆಂದು ಬಿಚ್ಚಿ ನೋಡಿದರೆ ನಿಜವಾಗಿಯೂ ಕೆಟ್ಟಿದೆ. ಹೊಸದನ್ನು ಹಾಕಿದೊಡನೆ ಸದ್ದು ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ. ಕೆಲವು ವಾರಗಳಲ್ಲಿ ಅದೇ ಸದ್ದು ಮತ್ತೆ. ಬೇರಿಂಗು ಕಳಪೆಯೆಂದು ಅಂಗಡಿಯವನ ಮೇಲೆ ಕೋಪ. ಮತ್ತೊಂದು ಬೇರಿಂಗು, ಮತ್ತೊಂದು ಕೂಲಿ.

ನಡೆದುದೇನು? ಹೋಸ್ ಪೈಪು ಊದಿಕೊಂಡು ಬ್ರೇಕು ಹಿಡಿಯುತ್ತಿತ್ತು. ಅದರ ಬಿಸಿಯು ಪಕ್ಕದ ಬೇರಿಂಗಿಗೆ ಹರಿದು, ಗ್ರೀಸು ಕರಗಿ, ಸೀಲು ಒಣಗಿ, ಗುಂಡುಗಳು ಬರಿಮೈಯಲ್ಲಿ ಉರುಳಿದವು. ಬೇರಿಂಗು ಕೂಗಿತು. ಬ್ರೇಕು ಮೌನವಾಗಿತ್ತು. ಕೂಗಿದವನನ್ನೇ ಕಳ್ಳನೆಂದು ಹಿಡಿದಂತಾಯಿತು. ಇದರ ವಿಪರೀತವೂ ಉಂಟು. ಸಡಿಲಾದ ಬೇರಿಂಗಿನಿಂದ ಡಿಸ್ಕು ಓಲಾಡಿ ಪ್ಯಾಡಿಗೆ ತಗಲುವುದೂ ಉಂಟು. ಆದುದರಿಂದ ಬೇರಿಂಗು ಕೆಟ್ಟಿರುವುದನ್ನು ಕಂಡಾಗ ವಿಚಾರಣೆ ಮುಗಿಯಿತೆನ್ನಬಾರದು. ಅದು ಏಕೆ ಕೆಟ್ಟಿತು ಎಂಬ ಇನ್ನೊಂದು ಪ್ರಶ್ನೆಯನ್ನು ಕೇಳಿದ ಮೇಲೆಯೇ ಹೊಸದನ್ನು ಹಾಕಬೇಕು. ದಿನದ ದುಡಿಮೆಯಿಂದ ಸಾಲದ ಕಂತು ಕಟ್ಟುವ ಗಾಡಿಯವನಿಗೆ ಈ ಒಂದು ಪ್ರಶ್ನೆಯ ಬೆಲೆ ಒಂದು ತಿಂಗಳ ಸಂಸಾರದ ಖರ್ಚಿಗಿಂತ ಕಡಮೆಯಲ್ಲ.

ನಮ್ಮ ಸೀಮೆಯ ವಿಶೇಷ

ಗಾಲಿಯ ರೋಗಗಳಿಗೆ ನಮ್ಮ ಸೀಮೆಯ ನೀರು, ಮಣ್ಣುಗಳೂ ಕಾರಣ. ಸಂಡೂರಿನ ದಾರಿಯ ಕೆಂಪು ಧೂಳು ಕ್ಯಾಲಿಪರಿನ ಪಿನ್ನುಗಳಿಗೆ ಸೇರಿ ಗ್ರೀಸನ್ನು ಅರೆಯುವ ಹುಡಿಯನ್ನಾಗಿ ಮಾಡುತ್ತದೆ. ಕಂಪ್ಲಿಯ ಕಾಲುವೆಯ ಬಯಲಿನಲ್ಲಿ ಗದ್ದೆಯ ಕೆಸರುನೀರು ಡ್ರಮ್ಮಿನೊಳಗೂ ಬೇರಿಂಗಿನ ಸೀಲಿನೊಳಗೂ ನುಗ್ಗುತ್ತದೆ.

ಓಡುವ ಗಾಡಿಗಿಂತ ನಿಂತ ಗಾಡಿಗೆ ಈ ರೋಗ ಬೇಗ ಬರುತ್ತದೆಂಬುದೂ ಗಮನಿಸತಕ್ಕ ಸಂಗತಿ. ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತವು. ೨೦೨೦ರ ಲಾಕ್‌ಡೌನಿನಲ್ಲಿ ಮನೆಮನೆಯ ಕಾರುಗಳೂ ನಿಂತವು. ಮಳೆಯ ತೇವದಲ್ಲಿ ನಿಂತ ಗಾಡಿಯ ಡ್ರಮ್ಮಿಗೆ ತುಕ್ಕು ಹತ್ತಿ ಲೈನರು ಅಂಟಿಕೊಳ್ಳುತ್ತದೆ. ಹ್ಯಾಂಡ್ ಬ್ರೇಕಿನ ತಂತಿಯು ತನ್ನ ಕವಚದೊಳಗೇ ಬಿಗಿಯುತ್ತದೆ. ಬಹುಕಾಲ ನಿಲ್ಲಿಸುವುದಾದರೆ ಸಮನೆಲದಲ್ಲಿ ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟಿರುವುದು ಲೇಸು. ದೊಡ್ಡ ಲಾರಿಗಳಲ್ಲಿ ದ್ರವಕ್ಕೆ ಬದಲು ಗಾಳಿಯ ಬ್ರೇಕು ಇರುವುದರಿಂದ ಅಂಗಗಳು ಬೇರೆ, ಆದರೆ ಕೇಳಬೇಕಾದ ಪ್ರಶ್ನೆಗಳು ಇವೇ.

ಅಪಾಯ ಮತ್ತು ಎಚ್ಚರ

ಬಿಸಿಗಾಲಿಯು ಬರೇ ಖರ್ಚಿನ ವಿಷಯವಲ್ಲ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ ೩ ಎಂಬ ದರ್ಜೆಯದು ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿಯು ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ಕ್ಕೆ ಈ ಅಂಕಗಳು ೨೩೦ ಮತ್ತು ೧೫೫. ಹಿಡಿದುಕೊಂಡ ಬ್ರೇಕಿನ ಬಿಸಿಗೆ ಹಳೆಯ ಆಯಿಲ್ ಕುದಿದು ಆವಿಯಾದರೆ, ಆವಿಯು ದ್ರವದಂತೆ ಒತ್ತಡವನ್ನು ಒಯ್ಯದು. ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇದುವರೆಗೆ ಬಿಡದೆ ಹಿಡಿಯುತ್ತಿದ್ದ ಬ್ರೇಕೇ ಸಂಡೂರಿನ ಇಳಿಜಾರಿನಲ್ಲಿ ಹಿಡಿಯದೆ ಹೋಗುತ್ತದೆ!

ರೈಲಿಗೂ ಈ ಮಾತು ಸಲ್ಲುತ್ತದೆ. ೨೦೨೩ರ ಜೂನ್ ತಿಂಗಳಲ್ಲಿ ಒಡಿಶಾದ ಖರಿಯಾರ್ ರೋಡ್ ಬಳಿ ದುರ್ಗ್–ಪುರಿ ಎಕ್ಸ್‌ಪ್ರೆಸ್ಸಿನ ಒಂದು ಬೋಗಿಯಲ್ಲಿ ಅಪಾಯದ ಸರಪಳಿಯನ್ನೆಳೆದ ಬಳಿಕ ಬ್ರೇಕು ಪೂರ್ತಿಯಾಗಿ ಬಿಡದೆ, ಘರ್ಷಣೆಯಿಂದ ಬ್ರೇಕಿನ ಪ್ಯಾಡುಗಳಿಗೆ ಬೆಂಕಿ ಹತ್ತಿತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ.

ಆದುದರಿಂದ ದಾರಿಯಲ್ಲಿ ಸುಟ್ಟ ವಾಸನೆ ಬಂದರೆ, ಗಾಡಿಯು ಒಂದು ಕಡೆಗೆ ಎಳೆದರೆ, ತಾನಾಗಿಯೇ ನಿಧಾನವಾದರೆ, ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ತಣಿಯಲು ಬಿಡಬೇಕು. ಕಾದ ಡ್ರಮ್ಮು ಡಿಸ್ಕುಗಳ ಮೇಲೆ ನೀರು ಸುರಿಯಬಾರದು, ಲೋಹ ಬಿರಿಯುತ್ತದೆ. ಬಿಸಿಯಾಗಿರುವಾಗ ಹ್ಯಾಂಡ್ ಬ್ರೇಕನ್ನು ಎಳೆಯದೆ ಗಾಲಿಗೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದಿಡುವುದು ಹಿಂದೆ ಬರುವವರಿಗೆ ಮಾಡುವ ಉಪಕಾರ. ಲೈನರಿನ ಧೂಳನ್ನು ಬಾಯಿಂದ ಊದಬಾರದು. ಬ್ರೇಕ್ ಆಯಿಲಿಗೆ ಬದಲಾಗಿ ಎಂಜಿನ್ ಆಯಿಲನ್ನು ಎಂದಿಗೂ ಹಾಕಬಾರದು, ರಬ್ಬರೆಲ್ಲ ಊದಿ ಹಾಳಾಗುತ್ತದೆ.

ಉಪಸಂಹಾರ

ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತವನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಗಾಲಿಯಲ್ಲಿ ಹೊಗೆಯನ್ನು ಕಂಡಾಗ ಬೆಂಕಿಯುಂಟೆಂದು ಹೇಳಿದರೆ ಸಾಲದು, ಆ ಬೆಂಕಿಯನ್ನು ಹಚ್ಚಿದವರಾರು ಎಂದು ಕೇಳಬೇಕು. ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಎಣ್ಣೆಮೆತ್ತಿದ ಅಂಗಿ ತೊಟ್ಟು, ಒಂದು ತಿರುಪನ್ನು ಸಡಿಲಿಸಿ, ಗಾಲಿಯನ್ನು ತಿರುಗಿಸಿ ನೋಡಿ, ತಲೆಯಾಡಿಸುವ ಮೇಸ್ತ್ರಿಯು ಮಿಲ್ಲನ ಹೆಸರನ್ನು ಕೇಳಿರಲಾರನು. ಆದರೆ ಮಿಲ್ಲನ ವಿಧಾನಗಳನ್ನು ಅವನು ದಿನವೂ ಬಳಸುತ್ತಾನೆ. ನಾವು ಹೆಸರನ್ನು ಬಲ್ಲೆವು, ಬಳಕೆಯನ್ನು ಅರಿಯೆವು. ಈ ಎರಡು ಅರಿವುಗಳೂ ಕೂಡಿದರೆ ಗಾಡಿಯವನ ಹಣ ಉಳಿಯುತ್ತದೆ, ಇಳಿಜಾರಿನಲ್ಲಿ ಎದುರು ಬರುವವರ ಪ್ರಾಣವೂ ಉಳಿಯುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯ ಆಚೆಗೂ ತರ್ಕಶಾಸ್ತ್ರಕ್ಕೆ ಇಷ್ಟು ಕೆಲಸವಿದೆಯೆಂದು ಸಹಪಾಠಿಗಳಿಗೆ ತೋರಿದರೆ ಈ ಲೇಖನವು ಸಾರ್ಥಕವಾದೀತು.